ಐಫೆಲ್ ಗೋಪುರದ ಕಾಲಸಂಕೇತ

ಪ್ಯಾರಿಸಿನ ಐಫೆಲ್ ಗೋಪುರವು 1889ರಲ್ಲಿ ತಲೆಯೆತ್ತಿದಾಗ ಅದಕ್ಕೆ ದೊರೆತಿದ್ದುದು 20 ವರ್ಷಗಳ ಪರವಾನಗಿ. ಅವಧಿ ತೀರಿದೊಡನೆ ಕಳಚಿಹಾಕಬಹುದಾಗಿದ್ದ ಆ ಕಬ್ಬಿಣದ ರಾಶಿಯನ್ನು ಉಳಿಸಿದ ಕಾರಣಗಳಲ್ಲಿ ಪ್ರಧಾನವಾದುದು ಸೈನ್ಯಾಧಿಕಾರಿ ಗುಸ್ತಾವ್ ಫೆರಿಯೆ ಅಲ್ಲಿ ಸ್ಥಾಪಿಸಿದ ನಿಸ್ತಂತು ಕೇಂದ್ರ. 1910ರ ಮೇ ತಿಂಗಳಿಂದ ಅಲ್ಲಿಂದ ಕಾಲಸಂಕೇತಗಳು ಹೊರಡತೊಡಗಿದುವು. ಅದುವರೆಗೆ ನಡುಗಡಲಿನ ನಾವಿಕನಿಗೆ ಬಂದರಿನಲ್ಲಿ ತಾಳೆನೋಡಿದ ಕ್ರೊನೊಮೀಟರ್ ಗಡಿಯಾರವೇ ಗತಿಯಾಗಿದ್ದಿತು. ಅದರ ಲೆಕ್ಕ 4 ಸೆಕೆಂಡು ತಪ್ಪಿದರೆ, ಭೂಮಧ್ಯರೇಖೆಯ ಬಳಿ ಹಡಗಿನ ಸ್ಥಾನ ಒಂದು ನಾವಿಕ ಮೈಲಿ ತಪ್ಪುತ್ತಿದ್ದಿತು.

ನಾವಿಕರಿಗೆ ಸಾಕಾಗುವ ಕಾಲಸಂಕೇತದ ನಿಖರತೆ ಖಗೋಳಜ್ಞರಿಗೆ ಸಾಲದು. ಅವರಿಗಾಗಿ ಗೋಪುರವು ಸೆಕೆಂಡಿಗಿಂತ ತುಸು ಭಿನ್ನವಾದ ಅಂತರದಲ್ಲಿ ಬಡಿತಗಳ ಮಾಲೆಯೊಂದನ್ನು ಕಳುಹಿಸುತ್ತಿದ್ದಿತು. ಅಂತರದ ವ್ಯತ್ಯಾಸ 1/50 ಸೆಕೆಂಡೆಂದು ಭಾವಿಸಿದರೆ, ಕಿವಿಗೆ ಟೆಲಿಫೋನು ಹಚ್ಚಿ ಕುಳಿತ ವೀಕ್ಷಕನಿಗೆ ಸುಮಾರು 50 ಬಡಿತಗಳಿಗೊಮ್ಮೆ ಆ ಸದ್ದೂ ತನ್ನ ಗಡಿಯಾರದ ಟಕಟಕವೂ ಬೆರೆತು ಒಂದಾದಂತೆ ಕೇಳುವುದು, ಮತ್ತು ಎಷ್ಟನೆಯ ಬಡಿತ ಹಾಗೆ ಬೆರೆಯಿತೆಂದು ಗುರುತುಹಾಕಿಕೊಂಡರೆ ಸೆಕೆಂಡಿನ ನೂರನೆಯ ಪಾಲಿನವರೆಗೂ ವ್ಯತ್ಯಾಸ ತಿಳಿಯುವುದು.

1913ರಲ್ಲಿ ಪ್ಯಾರಿಸಿಗೂ ವಾಷಿಂಗ್ಟನ್ನಿಗೂ ಇರುವ 5 ಗಂಟೆ 17 ನಿಮಿಷಕ್ಕೂ ಮಿಕ್ಕ ರೇಖಾಂಶಭೇದವನ್ನು ಅಳೆಯಲು ಐಫೆಲ್ ಗೋಪುರವೂ ಅಮೆರಿಕದ ಆರ್ಲಿಂಗ್ಟನ್ ಕೇಂದ್ರವೂ ಸಂಕೇತವಿನಿಮಯಕ್ಕೆ ತೊಡಗಿದುವು. ಅಟ್ಲಾಂಟಿಕ್ ದಾಟಲು ತರಂಗಕ್ಕೆ ಸುಮಾರು 1/50 ಸೆಕೆಂಡು ಬೇಕು. ಆದರೆ ಎರಡು ದಿಕ್ಕಿನ ಅಳತೆಗಳ ಸರಾಸರಿ ತೆಗೆದರೆ ಆ ವಿಳಂಬ ಕಳೆದುಹೋಗುವುದು, ಅವುಗಳ ವ್ಯತ್ಯಾಸದ ಅರ್ಧವು ಪ್ರಯಾಣಕಾಲವನ್ನೇ ತಿಳಿಸುವುದು.

ಇಂದು ಒಂದೇ ಮೇಜಿನ ಮೇಲಿದ್ದು ನಿಸ್ತಂತುವಾಗಿ ಮಾತಾಡುವ ಎರಡು ಮೈಕ್ರೋಕಂಟ್ರೋಲರುಗಳಿಗೂ ಗಡಿಯಾರಗಳನ್ನು ತಾಳೆನೋಡುವ ಇದೇ ಸಮಸ್ಯೆ. ಅವುಗಳ ಗಡಿಯಾರವನ್ನು ನಡೆಸುವ ಸ್ಫಟಿಕವು ದಶಲಕ್ಷಕ್ಕೆ 20 ಪಾಲು ತಪ್ಪಿದರೂ ದಿನಕ್ಕೆ 1.7 ಸೆಕೆಂಡಿನ ಅಂತರ ಬೀಳುವುದು. ಇಲ್ಲಿ ತರಂಗದ ಪ್ರಯಾಣಕಾಲ ನಗಣ್ಯ; ಕಳುಹಿಸುವ ಯಂತ್ರವು ನಿಸ್ತಂತು ಮಾರ್ಗ ತೆರವಾಗಲೆಂದು ಕಾಯುವ ಅನಿಶ್ಚಿತ ವಿಳಂಬವೇ ದೊಡ್ಡದು. 2002ರಲ್ಲಿ ಎಲ್ಸನ್, ಗಿರೋಡ್ ಮತ್ತು ಎಸ್ಟ್ರಿನ್ ಎಂಬ ಸಂಶೋಧಕರು ನಿರೂಪಿಸಿದ ಉಪಾಯವು ಸರಳ: ಮೂರನೆಯ ಯಂತ್ರವೊಂದರ ಸಂಕೇತವನ್ನು ಇಬ್ಬರೂ ಆಲಿಸಿ, ತಮಗೆ ಕೇಳಿಸಿದ ಹೊತ್ತನ್ನು ಪರಸ್ಪರ ತಿಳಿಸಿದರೆ, ಕಳುಹಿಸಿದವನ ವಿಳಂಬವು ಇಬ್ಬರಿಗೂ ಸಮಾನವಾದುದರಿಂದ ಲೆಕ್ಕದಿಂದ ಹೊರಬೀಳುತ್ತದೆ. ಆ ಬಳಿಕವೂ ಯಾರೂ ಗಡಿಯಾರವನ್ನು ತಿದ್ದಬೇಕಾಗಿಲ್ಲ. ಹಿಂದಿನ ನಾವಿಕರು ಕ್ರೊನೊಮೀಟರಿನ ಮುಳ್ಳನ್ನು ಮುಟ್ಟದೆ ಅದರ ದಿನದಿನದ ಗತಿಭೇದವನ್ನಷ್ಟೇ ಪುಸ್ತಕದಲ್ಲಿ ಬರೆದಿಡುತ್ತಿದ್ದಂತೆ, ಯಂತ್ರವೂ ನೆರೆಯದರ ವ್ಯತ್ಯಾಸವನ್ನು ಲೆಕ್ಕವಿಟ್ಟುಕೊಂಡು ತನ್ನ ಗತಿಯಲ್ಲಿ ತಾನು ನಡೆಯಬಹುದು.