ಒಬ್ಬಾಕೀನೇ ಹ್ಯಾಂಗ ಬಂದಳ್ರೀ ಸರ್?

ಬೀದರ್ ಜಿಲ್ಲೆ, ಔರಾದ್ ತಾಲ್ಲೂಕು, ಡಾಬಕಾ. ಕರ್ನಾಟಕದ ನಕಾಶೆಯಲ್ಲಿ ನೆತ್ತಿಯ ಮೇಲಿರುವ ತಾಲ್ಲೂಕು ಅದು. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಮಳೆ ಬಂದರೆ ತೊಗರಿ, ಬಾರದಿದ್ದರೆ ಗುಳೆ. ಬರದ ವರದಿಗೆ ಅಲ್ಲಿಗೆ ಹೋಗಿದ್ದಾಗ ಕ್ಯಾಮೆರಾ ನೋಡಿ ನಾಲ್ಕೈದು ಹುಡುಗಿಯರು ಬಂದು ನಿಂತರು. ಮಾತಿಗೆ ಮಾತು ಬೆಳೆದು ಅಕ್ಕಮಹಾದೇವಿಯ ಹೆಸರು ಬಂತು. ಒಬ್ಬಳು ಕೇಳಿದಳು: "ಅಷ್ಟು ದೂರದಿಂದ ಕಲ್ಯಾಣಕ್ಕ ಒಬ್ಬಾಕೀನೇ ಹ್ಯಾಂಗ ಬಂದಳ್ರೀ ಸರ್? ನಮಗ ಡಿಗ್ರಿ ಓದಲಿಕ್ಕ ಬೀದರಕ್ಕೂ ಒಬ್ಬಾಕೀನ ಬಿಡಂಗಿಲ್ಲ."

ದಿನಾ ರಾತ್ರಿ ಸ್ಟುಡಿಯೋದಲ್ಲಿ ಕೂತು ಬೇರೆಯವರನ್ನ ಪ್ರಶ್ನೆ ಕೇಳೋನು ನಾನು. ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತು ಹೇಳ್ತೀನಿ.

12ನೇ ಶತಮಾನ. ಶಿಕಾರಿಪುರದ ಹತ್ತಿರದ ಉಡುತಡಿ. ಅರಸ ಕೌಶಿಕನ ಕಣ್ಣು ಮಹಾದೇವಿಯ ಮೇಲೆ ಬಿತ್ತು. ಮದುವೆ ಆಯಿತು, ಕೊಟ್ಟ ಮಾತು ಮುರಿದಾಗ ಹೊರಟಳು ಅಂತಾನೆ ಹರಿಹರ. ಮದುವೆಯೇ ಆಗಲಿಲ್ಲ ಅಂತಾನೆ 15ನೇ ಶತಮಾನದ ಚಾಮರಸ. ಕವಿಗಳಲ್ಲೇ ಜಗಳ. ಆದರೆ ಆಕೆ ಅರಮನೆ ಬಿಟ್ಟು, ಉಟ್ಟ ಬಟ್ಟೆಯನ್ನೂ ಬಿಟ್ಟು ಹೊರಟಳು ಅನ್ನೋದರಲ್ಲಿ ಇಬ್ಬರಿಗೂ ತಕರಾರಿಲ್ಲ. ಉಡುತಡಿಯಿಂದ ಇಂದಿನ ಬಸವಕಲ್ಯಾಣಕ್ಕೆ ಈಗಿನ ರಸ್ತೆಯಲ್ಲೂ ಸುಮಾರು 500 ಕಿಲೋಮೀಟರ್. ಮಲೆನಾಡಿನ ಅಂಚಿನಿಂದ ಬಯಲುಸೀಮೆಗೆ. ದಾರಿಯಲ್ಲಿ ಜನ ಕೊಟ್ಟದ್ದೇ ಊಟ, ಪಾಳುಬಿದ್ದ ಗುಡಿಯೇ ಮನೆ. ಇದನ್ನ ಆಕೆಯ ವಚನವೇ ಹೇಳುತ್ತೆ.

ಮನೆ ಬಿಟ್ಟು ಬಯಲಿಗೆ ನಡೆದ ಹೆಣ್ಣುಮಕ್ಕಳು ಬೇರೆ ದೇಶಗಳಲ್ಲೂ ಇದ್ದಾರೆ. 1877ರಲ್ಲಿ ಜಿನೀವಾದಲ್ಲಿ ಹುಟ್ಟಿದ ಇಸಾಬೆಲ್ ಎಬರ್‌ಹಾರ್ಟ್ ಸಹಾರಾಕ್ಕೆ ಹೋದಳು. ಗಂಡಸಿನ ವೇಷ, ಸಿ ಮಹಮೂದ್ ಅನ್ನೋ ಹೆಸರು, ಕುದುರೆ ಸವಾರಿ. 1901ರಲ್ಲಿ ಒಬ್ಬ ಕತ್ತಿಯಿಂದ ಹೊಡೆದ. ಫ್ರೆಂಚ್ ಆಡಳಿತ ಆಕೆಯನ್ನೇ ಅಲ್ಜೀರಿಯಾದಿಂದ ಹೊರಗೆ ಹಾಕಿತು! ಅಲ್ಜೀರಿಯಾದ ಸೈನಿಕನನ್ನ ಮದುವೆಯಾಗಿ ಮತ್ತೆ ಬಂದಳು. 1904ರಲ್ಲಿ, ಅದೇ ಮರುಭೂಮಿಯ ಅಂಚಿನ ಊರಲ್ಲಿ, ದಿಢೀರ್ ಪ್ರವಾಹಕ್ಕೆ ಸಿಕ್ಕಿ ತೀರಿಕೊಂಡಳು. ಆಗ ವಯಸ್ಸು 27.

ಇಂಗ್ಲೆಂಡಿನ ಗರ್ಟ್ರೂಡ್ ಬೆಲ್ ಕಥೆ ಬೇರೆ. ಶ್ರೀಮಂತರ ಮನೆಯ ಮಗಳು. ಒಂಟೆ ಹತ್ತಿ ಅರಬ್ ಮರಳುಗಾಡು ಸುತ್ತಿದಳು. 1921ರ ಕೈರೋ ಸಮ್ಮೇಳನದಲ್ಲಿ ಇರಾಕಿನ ಹಣೆಬರಹ ಬರೆಯುವವರ ಜೊತೆ ಕೂತಳು. ಆದರೆ ಇದೇ ಬೆಲ್, ತನ್ನ ದೇಶದ ಹೆಂಗಸರಿಗೆ ಮತದಾನದ ಹಕ್ಕು ಬೇಡ ಅಂತ ಹೋರಾಡಿದ ಸಂಘದಲ್ಲಿದ್ದಳು. ತಾನು ದಾಟಿದ ಹೊಸ್ತಿಲನ್ನ ಉಳಿದವರು ದಾಟೋದು ಬೇಡವಾಗಿತ್ತು.

ಈಗ ಕಲ್ಯಾಣಕ್ಕೆ ಬನ್ನಿ. 15ನೇ ಶತಮಾನದಲ್ಲಿ ಸಂಕಲನವಾದ ಶೂನ್ಯಸಂಪಾದನೆ ಆ ದೃಶ್ಯ ಕಟ್ಟಿಕೊಡುತ್ತೆ. ಅಲ್ಲಮಪ್ರಭು ಸುಮ್ಮನೆ ಒಳಗೆ ಬಿಡಲಿಲ್ಲ. ನಿನ್ನ ಗಂಡ ಯಾರು ಅಂದ. ಬಟ್ಟೆ ಬಿಟ್ಟವಳು ಕೂದಲಲ್ಲಿ ಮೈ ಮುಚ್ಚಿಕೊಂಡಿದ್ದು ಯಾಕೆ ಅಂದ. ಇಂಥ ಪ್ರಶ್ನೆ ಇವತ್ತೂ ಹೆಣ್ಣುಮಕ್ಕಳ ಬೆನ್ನು ಬಿಟ್ಟಿಲ್ಲ. ವ್ಯತ್ಯಾಸ ಏನು ಗೊತ್ತಾ? ಅಲ್ಲಿ ಆಕೆಗೆ ಉತ್ತರ ಕೊಡೋ ಅವಕಾಶ ಇತ್ತು. ಕೇಳಿದವರು ಉತ್ತರ ಒಪ್ಪಿದರು. ವಯಸ್ಸಿನಲ್ಲಿ ಚಿಕ್ಕವಳನ್ನ ಇಡೀ ಶರಣ ಸಮೂಹ 'ಅಕ್ಕ' ಅಂತು. ಮುಂದೆ ಶ್ರೀಶೈಲದ ಕದಳಿವನಕ್ಕೆ ಹೋಗುವಾಗ ಕಲ್ಯಾಣ ಆಕೆಯನ್ನ ಗೌರವದಿಂದಲೇ ಬೀಳ್ಕೊಟ್ಟಿತು.

ಡಾಬಕಾದ ಹುಡುಗೀ, ನಿನ್ನ ಪ್ರಶ್ನೆಗೆ ಉತ್ತರ ಇಷ್ಟೇ. ಹೊರಡೋದಕ್ಕೆ ಅಕ್ಕನಿಗೆ ಧೈರ್ಯ ಇತ್ತು, ಸೇರೋದಕ್ಕೆ ಒಂದು ಕಲ್ಯಾಣವೂ ಇತ್ತು. ಧೈರ್ಯ ನಿನ್ನದು. ಕಲ್ಯಾಣ ಕಟ್ಟೋ ಕೆಲಸ ನಮ್ಮದು.

ವಿಜಯಪುರದಲ್ಲಿ 2003ರಲ್ಲಿ ಶುರುವಾದ ಮಹಿಳಾ ವಿಶ್ವವಿದ್ಯಾಲಯಕ್ಕೆ 2017ರಲ್ಲಿ ಅಕ್ಕನ ಹೆಸರಿಟ್ಟೆವು. ಒಳ್ಳೆಯದು. ಊರೂರಲ್ಲಿ ಜಯಂತಿ ಮಾಡ್ತೀವಿ, ಅದೂ ಒಳ್ಳೆಯದು. ಆದರೆ ಅಪ್ಪಂದಿರೇ, ಜಯಂತಿಯ ಮೆರವಣಿಗೆ ಮುಗಿದ ಮೇಲೆ ಮನೆಗೆ ಹೋಗಿ ಮಗಳ ಕಾಲೇಜಿನ ಅರ್ಜಿಗೊಂದು ಸಹಿ ಹಾಕಿ. ಬಸ್‌ಸ್ಟ್ಯಾಂಡ್ ತನಕ ನೀವೇ ಬಿಟ್ಟು ಬನ್ನಿ. ಮುಂದಿನ ದಾರಿ ಅವಳಿಗೆ ಗೊತ್ತಾಗುತ್ತೆ.