ಗಾರೆಯಿಲ್ಲದ ಗೋಡೆಗಳ ನಗರ: ಗ್ರೇಟ್ ಜಿಂಬಾಬ್ವೆಯ ಏಳುಬೀಳು

ಆಫ್ರಿಕಾದ ದಕ್ಷಿಣ ಭಾಗದಲ್ಲಿರುವ ಪ್ರಾಚೀನ ನಗರ ಗ್ರೇಟ್ ಜಿಂಬಾಬ್ವೆಯ ಮಹಾ ಆವರಣವನ್ನು ಬಳಸಿ ನಿಂತ ಹೊರಗೋಡೆಯ ಸುತ್ತಳತೆ ಸುಮಾರು 250 ಮೀಟರ್. ಎತ್ತರ ಕೆಲವೆಡೆ 11 ಮೀಟರ್. ಎಲ್ಲಿಯೂ ಗಾರೆಯ ಸುಳಿವಿಲ್ಲ. ಬಿಸಿಲಿಗೆ ಕಾದು, ಇರುಳಿಗೆ ತಣಿದು ಪದರಪದರವಾಗಿ ಸೀಳುವ ಅಲ್ಲಿನ ಗ್ರಾನೈಟನ್ನು ಇಟ್ಟಿಗೆಗಳಂತೆ ಒಡೆದು, ಸಾಲುಸಾಲಾಗಿ ಪೇರಿಸಿದ ಕೆಲಸವಿದು. ಕಟ್ಟಿದವರು ಇಂದಿನ ಶೋನಾ ಜನರ ಪೂರ್ವಜರು.

ನಗರದ ಏಳಿಗೆಗೆ ದನ ಮತ್ತು ಚಿನ್ನ ಎರಡೂ ಬೇಕಾದವು. ದನದ ಹಿಂಡುಗಳು ಊರೊಳಗೆ ಅಧಿಕಾರ ತಂದರೆ, ಪ್ರಸ್ಥಭೂಮಿಯ ಚಿನ್ನ ಸೊಫಾಲಾ ಬಂದರಿನ ಮೂಲಕ ಹಿಂದೂ ಮಹಾಸಾಗರದ ಪೇಟೆಗಳನ್ನು ಮುಟ್ಟಿತು. 13ನೇ ಶತಮಾನದ ಕೊನೆಯಲ್ಲಿ ದಕ್ಷಿಣದ ಮಾಪುಂಗುಬ್ವೆ ನಗರ ಬರಿದಾದಾಗ ಈ ವ್ಯಾಪಾರದ ಹಿಡಿತ ಇಲ್ಲಿಗೆ ಸರಿಯಿತು. ಉತ್ಖನನದಲ್ಲಿ ಸಿಕ್ಕ ಚೀನಾದ ಪಿಂಗಾಣಿ, ಪರ್ಷಿಯಾದ ಬಟ್ಟಲಿನ ಚೂರು, ಗಾಜಿನ ಮಣಿಗಳು, ಕಿಲ್ವಾ ಸುಲ್ತಾನನ ನಾಣ್ಯ ಇದಕ್ಕೆ ಸಾಕ್ಷಿ.

15ನೇ ಶತಮಾನದಲ್ಲಿ ನಗರ ಸೊರಗಿತು. ಏಕೆ?

ಹುಲ್ಲುಗಾವಲು, ಸೌದೆ, ನೀರು ಬತ್ತಿದವೆಂಬುದು ಹಳೆಯ ಉತ್ತರ. ಆದರೆ ಮನೆ ಕಟ್ಟುವ ಮಣ್ಣಿಗಾಗಿ ತೋಡಿದವೆಂದು ತಿಳಿಯಲಾಗಿದ್ದ 'ಢಾಕಾ' ಗುಂಡಿಗಳು ಮಳೆನೀರನ್ನೂ ಒರತೆಯ ನೀರನ್ನೂ ಹಿಡಿದಿಡುವ ವ್ಯವಸ್ಥೆಯ ಭಾಗವಾಗಿದ್ದವು ಎಂದು ಈಚಿನ ಸಂಶೋಧಕರು ವಾದಿಸಿದ್ದಾರೆ. ಬರಕ್ಕೆ ಸಿದ್ಧವಾಗಿದ್ದ ಊರು ಬರದಿಂದಲೇ ಅಳಿಯಿತೆಂದು ಹೇಳುವುದು ಇನ್ನು ಸುಲಭವಲ್ಲ. ಇತ್ತ ಚಿನ್ನದ ವ್ಯಾಪಾರ ಉತ್ತರಕ್ಕೆ, ಜಾಂಬೆಜಿ ನದಿಯ ಕಡೆಗೆ ವಾಲಿತ್ತು. ಅಲ್ಲಿ ಮುತಾಪಾ ರಾಜ್ಯ ಬೆಳೆಯಿತು. ಪಶ್ಚಿಮದ ಖಾಮಿಯಲ್ಲಿ ಅದೇ ಕಲ್ಲುಕೆಲಸ ಇನ್ನಷ್ಟು ಅಲಂಕಾರ ಪಡೆದು ಮುಂದುವರಿಯಿತು. ಆದ್ದರಿಂದ ಇದನ್ನು ನಾಶವೆನ್ನುವುದಕ್ಕಿಂತ ಅಧಿಕಾರದ ಸ್ಥಳಾಂತರವೆನ್ನುವುದೇ ಸರಿ.

ಈ ಚರ್ಚೆ ಕೊನೆಗಾಣದಿರಲು ವಸಾಹತುಶಾಹಿಯ ಪಾಲೂ ದೊಡ್ಡದು. 1871ರಲ್ಲಿ ಬಂದ ಜರ್ಮನ್ ಅನ್ವೇಷಕ ಕಾರ್ಲ್ ಮೌಕ್ ಈ ಅವಶೇಷಗಳನ್ನು ಶೀಬಾ ರಾಣಿಯ ಕಥೆಗೆ ಗಂಟುಹಾಕಿದ. 1902ರಿಂದ ಈ ನೆಲೆಯ ಉಸ್ತುವಾರಿ ವಹಿಸಿದ ರಿಚರ್ಡ್ ಹಾಲ್, ಆಫ್ರಿಕನ್ನರು ಬಿಟ್ಟುಹೋದ ಕಸವೆಂದು ಬಗೆದು ಮೀಟರುಗಟ್ಟಲೆ ಮಣ್ಣನ್ನು ತೆಗೆಸಿ ಹಾಕಿದ. ಪುರಾತತ್ವಜ್ಞರಾದ ರಾಂಡಲ್-ಮ್ಯಾಕೈವರ್ 1905ರಲ್ಲಿ, ಗರ್ಟ್ರೂಡ್ ಕೇಟನ್-ಥಾಮ್ಸನ್ 1929ರಲ್ಲಿ ಇದು ಆಫ್ರಿಕನ್ನರದೇ ನಿರ್ಮಾಣವೆಂದು ಸಾಧಿಸಿದರೂ ಆದ ನಷ್ಟ ತುಂಬಲಿಲ್ಲ. ಯಾವ ನೆಲೆಯಲ್ಲೂ ಮೇಲಿನ ಪದರವೇ ಕೊನೆಯ ಕಾಲದ್ದು. ಹಾಲ್ ಮೊದಲು ಎತ್ತಿ ಎಸೆದದ್ದು ಅವನತಿಯ ಕಾಲದ ಪುರಾವೆಯನ್ನೇ. ಹಾಗಾಗಿ ಉಳಿದ ಉತ್ತರಗಳನ್ನು ಅವನ ಗುದ್ದಲಿ ಮುಟ್ಟದ ಕಡೆ, ಗೋಡೆಗಳಾಚೆ ಜನಸಾಮಾನ್ಯರು ಬಾಳಿದ ಮಣ್ಣಿನ ಮನೆಗಳ ನೆಲೆಗಳಲ್ಲಿ ಹುಡುಕಬೇಕಾಗಿದೆ.