ಮಾಜಿ ಸೈನಿಕರ ಸ್ಮರಣೆ: ವಸ್ತುಸಂಗ್ರಹಾಲಯಗಳು ಮತ್ತು ಸ್ಮರಣಾ ದಿನಗಳ ಕುರಿತು ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ
ಸೇನಾನಾಯಕರ ಜೀವನ ಚರಿತ್ರೆಯು ಗ್ರಂಥಗಳಲ್ಲಿ ಹಾಗೂ ಸರ್ಕಾರಿ ದಾಖಲೆಗಳಲ್ಲಿ ಉಳಿಯುತ್ತದೆ. ಆದರೆ ಸಿಪಾಯಿ, ನಾಯಕ್, ಹವಾಲ್ದಾರ್ ಮುಂತಾದ ದರ್ಜೆಗಳಲ್ಲಿ ಸೇವೆ ಸಲ್ಲಿಸಿ ಊರಿಗೆ ಮರಳಿದವರ ನೆನಪು ಬಹುತೇಕ ಅವರ ಮನೆಯ ಪೆಟ್ಟಿಗೆಯಲ್ಲಿರುವ ಪದಕ, ಪತ್ರ ಹಾಗೂ ಭಾವಚಿತ್ರಗಳಲ್ಲಿ ಮಾತ್ರ ಇರುತ್ತದೆ. ಇವುಗಳನ್ನು ಉಳಿಸುವ ಬಗೆಯನ್ನು ಮತ್ತು ಹಾಗೆ ಮಾಡುವಾಗ ಕುಟುಂಬದವರು ತಮ್ಮ ಹಕ್ಕಿನ ದಾಖಲೆಗಳನ್ನು ಕಳೆದುಕೊಳ್ಳದಂತೆ ವಹಿಸಬೇಕಾದ ಎಚ್ಚರಿಕೆಯನ್ನು ಇಲ್ಲಿ ನೀಡಲಾಗಿದೆ.

2. ರಾಜ್ಯದಲ್ಲಿರುವ ಕೆಲವು ತಾಣಗಳು
ಅ) ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯ, ಮಡಿಕೇರಿ: 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಕೆ.ಎಸ್. ತಿಮ್ಮಯ್ಯನವರು ಬಾಲ್ಯವನ್ನು ಕಳೆದ 'ಸನ್ನಿ ಸೈಡ್' ಮನೆ ಇದಾಗಿದೆ. ಹಿಂದೆ ಸಾರಿಗೆ ಇಲಾಖೆಯ ಕಚೇರಿಯಿದ್ದ ಈ ಕಟ್ಟಡವನ್ನು ನವೀಕರಿಸಿ, 2021ರ ಫೆಬ್ರವರಿ 6ರಂದು ಅಂದಿನ ರಾಷ್ಟ್ರಪತಿಗಳಾದ ಶ್ರೀ ರಾಮನಾಥ ಕೋವಿಂದ್ ಅವರು ಉದ್ಘಾಟಿಸಿದರು.
ಆ) ಯುದ್ಧನೌಕೆ ವಸ್ತುಸಂಗ್ರಹಾಲಯ, ಕಾರವಾರ: 2005ರಲ್ಲಿ ಸೇವೆಯಿಂದ ನಿವೃತ್ತಗೊಂಡ ಕ್ಷಿಪಣಿ ನೌಕೆ ಐ.ಎನ್.ಎಸ್. ಚಪಲ್ ಅನ್ನು ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಇರಿಸಲಾಗಿದೆ.
ಇ) ಮೈಸೂರು ಲ್ಯಾನ್ಸರ್ಸ್ ಸ್ಮಾರಕ, ಬೆಂಗಳೂರು: ಮೊದಲನೆಯ ಮಹಾಯುದ್ಧದಲ್ಲಿ ಹೋರಾಡಿದ ಮೈಸೂರು ಸಂಸ್ಥಾನದ ಅಶ್ವದಳದ ನೆನಪಿಗಾಗಿ ಜೆ.ಸಿ. ನಗರದಲ್ಲಿ ನಿಂತಿದೆ.

3. ಸ್ಮರಣಾ ದಿನಗಳು
ಜನವರಿ 14 – ಮಾಜಿ ಸೈನಿಕರ ದಿನ. ಕೊಡಗಿನವರಾದ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪನವರು 1953ರಲ್ಲಿ ಈ ದಿನ ನಿವೃತ್ತರಾದರು.
ಜನವರಿ 15 – ಭೂಸೇನಾ ದಿನ. 1949ರಲ್ಲಿ ಕಾರ್ಯಪ್ಪನವರು ಪ್ರಥಮ ಭಾರತೀಯ ಮಹಾದಂಡನಾಯಕರಾಗಿ ಅಧಿಕಾರ ವಹಿಸಿಕೊಂಡ ದಿನ.
ಜುಲೈ 26 – ಕಾರ್ಗಿಲ್ ವಿಜಯ ದಿವಸ, 1999.
ಸೆಪ್ಟೆಂಬರ್ 23 – ಹೈಫಾ ದಿನ. 1918ರ ಹೈಫಾ ಕದನದಲ್ಲಿ ಮೈಸೂರು ಹಾಗೂ ಜೋಧಪುರದ ಅಶ್ವದಳಗಳು ಭಾಗವಹಿಸಿದ್ದವು.
ಡಿಸೆಂಬರ್ 7 – ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ಆಚರಣೆಯಲ್ಲಿದೆ. ಸಂಗ್ರಹವಾದ ನಿಧಿಯು ಯುದ್ಧ ವಿಧವೆಯರು, ಗಾಯಾಳು ಯೋಧರು ಮತ್ತು ಮಾಜಿ ಸೈನಿಕರ ಕುಟುಂಬಗಳ ಕಲ್ಯಾಣಕ್ಕೆ ವಿನಿಯೋಗವಾಗುತ್ತದೆ.
ಡಿಸೆಂಬರ್ 16 – ವಿಜಯ ದಿವಸ, 1971.

4. ವಸ್ತುಗಳನ್ನು ನೀಡಬಯಸುವವರ ಗಮನಕ್ಕೆ
1) ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಪಾವತಿ ಆದೇಶ ಮತ್ತು ಗುರುತಿನ ಚೀಟಿಗಳ ಮೂಲ ಪ್ರತಿಗಳನ್ನು ಯಾವ ಕಾರಣಕ್ಕೂ ಪ್ರದರ್ಶನಕ್ಕೆ ಕೊಡಬಾರದು. ಸೈನಿಕರ ನಿಧನಾನಂತರ ಪತ್ನಿಯು ಕುಟುಂಬ ಪಿಂಚಣಿ ಹಾಗೂ ಗುರುತಿನ ಚೀಟಿ ಕೋರುವಾಗ ಇವು ಅವಶ್ಯಕವಾಗಿರುತ್ತವೆ. ನೆರಳಚ್ಚು ಪ್ರತಿಯನ್ನಷ್ಟೇ ನೀಡುವುದು.
2) ಇದೇ ಸಂದರ್ಭದಲ್ಲಿ ಪತ್ನಿಯ ಹೆಸರು ಮತ್ತು ಜನ್ಮ ದಿನಾಂಕವು ಸೇನಾ ದಾಖಲೆ, ಆಧಾರ್ ಹಾಗೂ ಬ್ಯಾಂಕ್ ಖಾತೆಗಳಲ್ಲಿ ಒಂದೇ ರೀತಿ ಇವೆಯೇ ಎಂದು ಪರಿಶೀಲಿಸಿಕೊಳ್ಳುವುದು. ವ್ಯತ್ಯಾಸವಿದ್ದಲ್ಲಿ ಸೈನಿಕರು ಜೀವಂತವಿರುವಾಗಲೇ ಸಂಬಂಧಪಟ್ಟ ರೆಕಾರ್ಡ್ ಆಫೀಸಿನ ಮೂಲಕ ಸರಿಪಡಿಸಿಕೊಳ್ಳುವುದು ಸೂಕ್ತ.
3) ಭಾವಚಿತ್ರಗಳ ಹಿಂಬದಿಯಲ್ಲಿ ಹೆಸರು, ಸೇನಾ ಸಂಖ್ಯೆ, ದರ್ಜೆ, ರೆಜಿಮೆಂಟ್, ಸ್ಥಳ ಮತ್ತು ವರ್ಷವನ್ನು ಮೆದುವಾದ ಪೆನ್ಸಿಲಿನಿಂದ ಬರೆಯುವುದು. ಹೆಸರಿಲ್ಲದ ಭಾವಚಿತ್ರವು ಒಂದು ತಲೆಮಾರಿನ ನಂತರ ಯಾರದೆಂದು ತಿಳಿಯದಂತಾಗುತ್ತದೆ.
4) ವಸ್ತುವು ದಾನವೋ ಅಥವಾ ನಿಗದಿತ ಅವಧಿಗೆ ಎರವಲೋ ಎಂಬುದನ್ನು ಬರಹದಲ್ಲಿ ನಮೂದಿಸಿ, ವಸ್ತುಗಳ ಪಟ್ಟಿಯೊಡನೆ ಸ್ವೀಕೃತಿ ಪಡೆಯುವುದು.
5) ಹಳೆಯ ಗುಂಡು, ಶೆಲ್ ಇತ್ಯಾದಿಗಳು ಕಂಡುಬಂದಲ್ಲಿ ಮುಟ್ಟದೆ ಸಮೀಪದ ಪೊಲೀಸ್ ಠಾಣೆಗೆ ತಿಳಿಸತಕ್ಕದ್ದು.

5. ಶಾಲೆಗಳು ಮತ್ತು ಗ್ರಾಮ ಪಂಚಾಯಿತಿಗಳಿಗೆ
ಸ್ಮರಣಾ ದಿನಗಳಂದು ಸನ್ಮಾನದ ಶಾಲು, ಹಾರಗಳ ಜೊತೆಗೆ ತಮ್ಮ ಊರಿನ ಮಾಜಿ ಸೈನಿಕರ ಹೆಸರು, ಸೇವಾವಧಿ ಮತ್ತು ಅವರ ಮಾತುಗಳಲ್ಲಿಯೇ ಅನುಭವವನ್ನು ದಾಖಲಿಸಿಕೊಂಡಲ್ಲಿ ಅದು ಶಾಶ್ವತ ಗೌರವವಾಗುತ್ತದೆ. ಹಿರಿಯ ಯೋಧರು ನಮ್ಮೊಡನೆ ಇರುವಾಗಲೇ ಈ ಕಾರ್ಯವನ್ನು ಕೈಗೊಳ್ಳುವಂತೆ ಕೋರಲಾಗಿದೆ.

ಪಿಂಚಣಿ, ಗುರುತಿನ ಚೀಟಿ ಮತ್ತು ಕಲ್ಯಾಣ ಸೌಲಭ್ಯಗಳ ವಿವರಗಳಿಗೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಸಂಬಂಧಿಸಿದ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸುವುದು.